ಹತ್ತಕ್ಕೆ ಎಂಟು

8 ನವೆಂಬರ್ 2024, ಶುಕ್ರವಾರ

ಇದು ಕಾಲೇಜಿಗೆ ಕೊಡುವ ಫೀಲ್ಡ್‌ವರ್ಕ್ ಡೈರಿ ಅಲ್ಲ. ಅದು ನೀಲಿ ರಟ್ಟಿನದು. ಅದರಲ್ಲಿ ಪ್ರತಿ ವಾರ 'ಇಂದು ಬಹಳ ಉಪಯುಕ್ತ ಅನುಭವವಾಯಿತು' ಅಂತ ಬರೆಯಬೇಕು. ಇದನ್ನು ಟ್ರಂಕಿನ ತಳದಲ್ಲಿ ಸ್ವೆಟರ್ ಒಳಗೆ ಸುತ್ತಿ ಇಡುತ್ತೇನೆ. ರೂಮ್‌ಮೇಟ್ ಜಬೀನಾ ಓದುತ್ತಾಳೆ ಅನ್ನೋ ಡೌಟು ಇದೆ. ಪ್ರೂಫ್ ಇಲ್ಲ.

ಬಿ.ಎಸ್.ಡಬ್ಲ್ಯೂ. ಸೇರಿ ಎರಡು ತಿಂಗಳಾಯಿತು. ಸಮಾಜಕಾರ್ಯ ಅಂದರೆ ಏನು ಅಂತ ನಮ್ಮೂರು ವಾಡಿಯಲ್ಲಿ ಅಪ್ಪನಿಗೆ ಇನ್ನೂ ಹೇಳಲಿಕ್ಕಾಗಿಲ್ಲ. ಇವತ್ತು ಗುರುಲಿಂಗಯ್ಯ ಸರ್ ಎರಡು ಕೆಲಸ ಕೊಟ್ಟರು. ಒಂದು, ಪ್ರತಿ ಶನಿವಾರ ಹಳ್ಳಿಗೆ ಹೋಗಿ ಅಲ್ಲಿಯ ಆಶಾ ಕಾರ್ಯಕರ್ತೆಯ ಜೊತೆ ಮನೆ ಮನೆ ತಿರುಗಬೇಕು. ನನಗೆ ದಂಡೋತಿ ಬಂದಿದೆ. ಹೋದಲ್ಲೆಲ್ಲ ಜಿಯೋಟ್ಯಾಗ್ ಫೋಟೋ ತೆಗೆಯಬೇಕು. ಊರು, ತಾರೀಖು, ಟೈಮು ಫೋಟೋದ ಕೆಳಗೆ ತಾನೇ ಮೂಡುತ್ತದಲ್ಲ, ಅದು. ಗ್ರೂಪಿನಲ್ಲಿ ಫೋಟೋ ಇಲ್ಲ ಅಂದರೆ ಆಬ್ಸೆಂಟ್. ಎರಡು, ಹಳ್ಳಿಯ ಆರೋಗ್ಯಕ್ಕೆ ಉಪಯೋಗ ಆಗುವಂಥದ್ದು ಇಂಟರ್ನೆಟ್ಟಿನಲ್ಲಿ ಫ್ರೀ ಏನೇನು ಸಿಗುತ್ತದೆ ಹುಡುಕಿ, ಅದರಲ್ಲಿ ಒಂದನ್ನು ಕನ್ನಡಕ್ಕೆ ಮಾಡಬೇಕು.

"ಫ್ರೀ ಅಂದ್ರ ಖರೇನೇ ಫ್ರೀ ಏನ್ ಸರ್?" ಅಂತ ಕೇಳಿದೆ. ಕ್ಲಾಸೆಲ್ಲ ನಕ್ಕಿತು. ನಾನು ಜೋಕ್ ಮಾಡಿರಲಿಲ್ಲ.

ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಇದ್ದವಳಿಗೆ ಫ್ರೀ ಅಂದರೆ ಏನು ಅಂತ ಗೊತ್ತು. ಒಂದು ಸಲ ಯಾರೋ ಬಂದು ನಮ್ಮ ಏಳನೇ ಕ್ಲಾಸಿಗೆ ಕೆಂಪು ಕಂಬಳಿ ಹಂಚಿದರು. ಎದೆಗೆ ಅವುಚಿಕೊಂಡು ನಗಲಿಕ್ಕೆ ಹೇಳಿ ಫೋಟೋ ತೆಗೆದರು. ಆಮೇಲೆ ಅವೇ ಕಂಬಳಿ ಇಸ್ಕೊಂಡು ಎಂಟನೇ ಕ್ಲಾಸಿನವರಿಗೆ ಹಂಚಿ ಅವರ ಫೋಟೋ ತೆಗೆದರು. ಸಂಜೆ ಕಂಬಳಿ ಬಂದ ಜೀಪಿನಲ್ಲೇ ವಾಪಸ್ ಹೋದವು. ನಾನು ಬಾಗಿಲಲ್ಲಿ ನಿಂತು ಎಣಿಸಿದ್ದೆ. ನಲವತ್ತು.

9 ನವೆಂಬರ್, ಶನಿವಾರ

ಟಂಟಂ ಆಟೋದಲ್ಲಿ ಹಿಂದಕ್ಕೆ ಮುಖ ಮಾಡಿ ಕೂತು ದಂಡೋತಿಗೆ ಹೋದೆ. ಆಶಾ ಪೀರಮ್ಮ ನಲವತ್ತೈದರ ಹೆಂಗಸು. ನಡಿಗೆ ಜೋರು, ಬಾಯಿ ಅದಕ್ಕಿಂತ ಜೋರು.

"ಹೆಸರೇನವ್ವ?"

"ಯಶೋಧರಾ."

"ಅಷ್ಟುದ್ದ ಕರೀಬೇಕಾದ್ರ ನೀ ಅಷ್ಟೊತ್ತಿಗಿ ಓಣಿ ದಾಟಿರ್ತಿ. ಯಶೀ ಅಂತೀನಿ. ಊಟ ಮಾಡಿ ಬಂದೀ ಏನು, ಇಲ್ಲಾ ಬರೇ ಫೋನ್ ತಂದೀ?"

ಅವಳ ರಿಜಿಸ್ಟರಿನಲ್ಲಿ ಹನ್ನೊಂದು ಬಸುರಿಯರ ಹೆಸರಿವೆ. ಹನ್ನೊಂದೂ ಮನೆಗೆ ಹೋದೆವು. ಆಮೇಲೆ ಓಣಿಯ ಕೊನೆಗೆ ಫರಶಿ ಕಲ್ಲಿನ ಚಪ್ಪಡಿ ನಿಲ್ಲಿಸಿ ಕಂಪೌಂಡ್ ಮಾಡಿದ ಒಂದು ಮನೆ ಬಂತು. "ನೀ ಇಲ್ಲೇ ನಿಂದ್ರು" ಅಂತ ನನ್ನನ್ನು ಬೇವಿನ ಗಿಡದ ಕೆಳಗೆ ಬಿಟ್ಟು ಪೀರಮ್ಮ ಹಿತ್ತಲಿಗೆ ಹೋದಳು. ನಾನು ಕಲ್ಲಿನ ಸಂದಿಯಿಂದ ನೋಡಿದೆ. ಚೀಲದಿಂದ ಕಬ್ಬಿಣದ ಗುಳಿಗೆಯ ಎರಡು ಪಟ್ಟಿ ತೆಗೆದು ಒಬ್ಬ ಮುದುಕಿಯ ಕೈಗೆ ಕೊಟ್ಟಳು. ಮುದುಕಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಪೀರಮ್ಮ ರಿಜಿಸ್ಟರ್ ತೆಗೆಯಲೇ ಇಲ್ಲ.

"ಅದ್ಯಾರ ಮನಿ ರೀ?" ಅಂತ ಕೇಳಿದೆ.

"ಯಾರ್ದೂ ಅಲ್ಲ. ನಡಿ."

ಬರೆಯದ ಮನೆ, ಬರೆಯದ ಗುಳಿಗೆ. ನೋಟ್ ಮಾಡಿಕೊಂಡಿದ್ದೇನೆ.

11 ನವೆಂಬರ್, ಸೋಮವಾರ

ಲೈಬ್ರರಿಯ ವೈಫೈನಲ್ಲಿ ಒಂದು ಸೈಟ್ ಸಿಕ್ಕಿತು. ಹಳ್ಳಿಯಲ್ಲಿ ಆರೋಗ್ಯದ ಕೆಲಸ ಮಾಡುವವರಿಗೆ ಅಂತ ಇಂಗ್ಲಿಷಿನಲ್ಲಿ ಪೂರ್ತಿ ಪುಸ್ತಕ, ನಾನೂರು ಪುಟ, ಪುಟಪುಟಕ್ಕೆ ಚಿತ್ರ. ಡೌನ್‌ಲೋಡ್ ಒತ್ತಿದೆ. ಬಂದುಬಿಟ್ಟಿತು. ಹೆಸರು ಕೇಳಲಿಲ್ಲ, ಇಮೇಲ್ ಕೇಳಲಿಲ್ಲ, ಓ.ಟಿ.ಪಿ. ಇಲ್ಲ.

ಅದೇ ನನಗೆ ಹೆದರಿಕೆ. ಏನಾದರೂ ಕೇಳಿದ್ದರೆ ಇವರಿಗೆ ಬೇಕಾಗಿದ್ದು ಇದು ಅಂತ ತಿಳಿಯುತ್ತಿತ್ತು. ಏನೂ ಕೇಳದವರು ಏನು ತಗೊಂಡು ಹೋಗ್ತಿದ್ದಾರೆ ಅಂತ ಹೇಗೆ ಗೊತ್ತಾಗಬೇಕು?

ಮೊದಲ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಯಾರನ್ನೂ ಕೇಳದೆ ಕಾಪಿ ಮಾಡಿ, ಅನುವಾದ ಮಾಡಿ, ನಿಮ್ಮ ಊರಿಗೆ ಹೊಂದುವಂತೆ ಬದಲಾಯಿಸಿ, ಮಾರಬೇಡಿ. ಸಣ್ಣ ಅಕ್ಷರದಲ್ಲಿ ಯಾವಾಗಲೂ ಮೋಸ ಇರುತ್ತದೆ. ಮೂರು ಸಲ ಓದಿದೆ, ಸಿಗಲಿಲ್ಲ. ಇನ್ನೂ ಕೆಳಗೆ ಇರಬೇಕು.

15 ನವೆಂಬರ್, ಶುಕ್ರವಾರ

ಬಂತು ನೋಡು. ಹನ್ನೊಂದೂವರೆಗೆ ಗೊತ್ತಿಲ್ಲದ ನಂಬರಿನಿಂದ ಕಾಲ್. ಮೂರು ಸಲ. ಮೂರನೇ ಸಲ ಎತ್ತಿದೆ. ಹಿಂದೆ ಮಂದಿ ಗದ್ದಲ, ಒಂದು ಹೆಂಗಸಿನ ದನಿ, "ಹಲೋ, ಹುಡಿಗಿ, ಕೇಳಿಲ್ಲಿ..." ಅಂತು. ಕಟ್ ಮಾಡಿ ಬ್ಲಾಕ್ ಮಾಡಿದೆ.

ದನಿ ಎಲ್ಲೋ ಕೇಳಿದಂಗಿತ್ತು. ಮೋಸ ಮಾಡುವವರು ಹಾಗೇ ಅಂತೆ, ಗುರ್ತಿನವರ ಹಾಗೆ ಶುರು ಮಾಡುತ್ತಾರೆ. ಪುಸ್ತಕ ಡೌನ್‌ಲೋಡ್ ಮಾಡಿ ಬರೀ ನಾಲ್ಕು ದಿನ.

16 ನವೆಂಬರ್, ಶನಿವಾರ

ಪೀರಮ್ಮ ಇರಲಿಲ್ಲ. ಟ್ರೇನಿಂಗಿಗೆ ಅಂತ ನಿನ್ನೆಯಿಂದ ಚಿತ್ತಾಪುರಕ್ಕೆ ಹೋಗಿದ್ದಾಳೆ, ಸಂಜೆ ಬರುತ್ತಾಳೆ ಅಂತ ಪಕ್ಕದ ಮನೆಯವರು ಹೇಳಿದರು. ನನಗೊಂದು ಮಾತು ಹೇಳಿಲ್ಲ. ಒಳ್ಳೇದೇ ಆಯಿತು. ಸೀದಾ ಫರಶಿ ಕಂಪೌಂಡಿನ ಮನೆಗೆ ಹೋದೆ.

ನನ್ನ ಡೌಟು ಸರಿ ಇತ್ತು! ಅಂಗಳದಲ್ಲಿ ಒಬ್ಬಳು ಬಟ್ಟೆ ಒಣಹಾಕುತ್ತಿದ್ದಳು. ನನಗಿಂತ ಆರೇಳು ವರ್ಷ ದೊಡ್ಡವಳು ಇರಬೇಕು. ಹೊಟ್ಟೆ ಇಷ್ಟು ಮುಂದೆ. ಹೆಸರು ಕೇಳಿದರೆ ಅಲ್ಮಾಸ್ ಅಂದಳು. ಎಷ್ಟು ತಿಂಗಳು, ತಾಯಿ ಕಾರ್ಡ್ ಮಾಡಿಸಿದ್ದೀರಾ ಅಂದರೆ "ಅಮ್ಮಿಗಿ ಕೇಳ್ರಿ" ಅಂತ ಒಳಗೆ ನೋಡಿದಳು. ಹೆಸರು ಬರೆಸದ ಬಸುರಿ, ಹಿತ್ತಲ ಗುಳಿಗೆ, ಸುಳ್ಳು ಹೇಳುವ ಆಶಾ. ಎಲ್ಲ ಸೇರಿತು. ಫೋಟೋ ತೆಗೆದೆ. ಗ್ರೂಪಿಗೆ ಹಾಕಿದೆ. ಕೆಳಗೆ ಬರೆದೆ: 'ದಂಡೋತಿ. ನೋಂದಣಿಯಾಗದ ಗರ್ಭಿಣಿ, ಅಂದಾಜು ಏಳು ತಿಂಗಳು. ಆಶಾ ರಿಜಿಸ್ಟರಿನಲ್ಲಿ ಹೆಸರಿಲ್ಲ.'

ಅಷ್ಟರಲ್ಲಿ ಮುದುಕಿ ಹೊರಗೆ ಬಂದಳು. ಅತ್ತೆ, ಜಾನಬಿ ಅಂತ.

"ಏ! ಏನ್ ತೆಗದೀ? ಅಳಸು! ನನ್ನ ಮುಂದ ಅಳಸು!"

ಅವಳ ಮುಂದೆ ಡಿಲೀಟ್ ಮಾಡಿ ತೋರಿಸಿದೆ. ಗ್ರೂಪಿಗೆ ಹೋಗಿದ್ದು ಹೋಗಿತ್ತು, ಅದನ್ನು ಹೇಳಲಿಲ್ಲ. ಅವಳು ಕೇಳಲಿಲ್ಲ.

19 ನವೆಂಬರ್, ಮಂಗಳವಾರ

ಹತ್ತಕ್ಕೆ ಎಂಟು! ಕ್ಲಾಸಿಗೇ ಹೆಚ್ಚು. ಸರ್ ಎಲ್ಲರ ಮುಂದೆ "ದಿಸ್ ಇಸ್ ಅಬ್ಸರ್ವೇಶನ್" ಅಂದರು. ಫೋಟೋ ವಾರೆ ಬಂದಿದೆ ಅಂತ ಎರಡು ಕಟ್ ಮಾಡಿದ್ದಾರೆ. ಆರೋಗ್ಯ ಇಲಾಖೆಯವರಿಗೂ ಕಳಿಸಿದ್ದಾರಂತೆ. ಯಾಕೆ ಕಳಿಸಿದರು? ನನ್ನ ಕೆಲಸವನ್ನು ತಮ್ಮದು ಅಂತ ತೋರಿಸಲಿಕ್ಕಾ? ಗಮನ ಇಡಬೇಕು.

20 ನವೆಂಬರ್, ಬುಧವಾರ

ಜಬೀನಾ ಮೆಸ್ಸಿನಲ್ಲಿ ಹೇಳಿದಳು. ಆ ಫೋಟೋ ದಂಡೋತಿಯ ಊರ ಗ್ರೂಪಿನಲ್ಲಿ ಓಡಾಡುತ್ತಿದೆಯಂತೆ. ಅವಳ ಸೋದರತ್ತೆ ಅಲ್ಲಿದ್ದಾಳೆ, ಅವಳಿಗೂ ಬಂದಿದೆ.

ಯಾರು ಹಾಕಿರಬಹುದು:
ಜಬೀನಾ.
ಸರ್.
ಕ್ಲಾಸಿನ ಮತೀನ. ಅವನಿಗೆ ಆರೇ ಮಾರ್ಕ್ಸ್ ಬಿದ್ದಿದ್ದು.
ಫೋಟೋ ಆ್ಯಪ್ ತಾನೇ ಹಾಕಿತಾ?

23 ನವೆಂಬರ್, ಶನಿವಾರ

ಪೀರಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಬಾ ಅನ್ನಲಿಲ್ಲ, ಕುಂದ್ರು ಅನ್ನಲಿಲ್ಲ. ನಾನೇ ಕೂತೆ.

"ಫೋನ್ ಮಾಡಿದ್ದೆ ನಿನಗ" ಅಂದಳು. "ಮೂರು ಸಲ. ನಂದು ಚಾರ್ಜ್ ಇರಲಿಲ್ಲ, ಟ್ರೇನಿಂಗಿನಾಗ ಬಾಜೂಕಿನಾಕಿ ಫೋನ್ ಇಸ್ಕೊಂಡು ಮಾಡೀನಿ. ನಾ ಇಲ್ಲದಾಗ ಆ ಓಣಿಗಿ ಹೋಗಬ್ಯಾಡ ಅಂತ ಹೇಳ್ಬೇಕಂತ. ಮಾತು ಮುಗಿಯೋತನಾ ತಡೀಲಿಲ್ಲ ನೀ."

ನಾನು ಫೋನನ್ನು ಚೀಲದೊಳಗೆ ಇಟ್ಟೆ.

ಅವಳು ಹೇಳಿದ್ದು ಇಷ್ಟು. ಅಲ್ಮಾಸ್‌ಗೆ ಇದು ಮೂರನೇ ಬಸಿರು. ಮೊದಲಿನ ಎರಡೂ ಸಲ ಮೂರನೇ ತಿಂಗಳಿಗೇ ತಾಯಿ ಕಾರ್ಡ್ ಆಗಿತ್ತು. ಎರಡೂ ಸಲ ಕಾರ್ಡ್ ಬರೆದ ವಾರದೊಳಗೆ ಬಸಿರು ಹೋಯಿತು. ಎರಡನೇ ಸಲವಂತೂ ಮೂರನೇ ದಿನಕ್ಕೆ. ಜಾನಬಿ ಆವತ್ತೇ ತೀರ್ಮಾನ ಮಾಡಿದಳು, ಈ ಮನೆಯ ಬಸಿರನ್ನು ಇನ್ನು ಯಾವ ಕಾಗದದ ಮೇಲೂ ಬರೆಸುವುದಿಲ್ಲ ಅಂತ.

"ಬರದ್ರ ಕೂಸು ಹೋಗಂಗಿಲ್ಲ ಅಂತ ನನಗೂ ಗೊತ್ತದ" ಅಂದಳು ಪೀರಮ್ಮ. "ಆದ್ರ ನಾ ವಾದ ಮಾಡಿದ್ರ ಬಾಗಿಲಾ ಹಾಕ್ತಾಳ. ಅದಕ್ಕ ಬರಿಯಂಗಿಲ್ಲ ಅಂದೆ. ಬರಿಯಂಗಿಲ್ಲ, ಆದ್ರ ಗುಳಿಗಿ ಕೊಡ್ತೀನಿ, ವಾರಕ್ಕೊಮ್ಮಿ ನೋಡ್ತೀನಿ, ಎಂಟು ತುಂಬಿದ ದಿನ ದವಾಖಾನಿಗಿ ಕಳಸ್ಬೇಕು ಅಂತ ಆಣಿ ಮಾಡಿಸ್ಕೊಂಡಿದ್ದೆ. ಮೂರು ತಿಂಗಳು ಆ ಹಿತ್ತಲಾಗ ನಿಂತೀನಿ, ಯಶೀ. ಈಗ ನನಗ ದವಾಖಾನಿಯಾಗ ನಿಂದ್ರಿಸಿ ಕೇಳ್ಯಾರ, ಎಷ್ಟು ಬಸುರಿ ಮುಚ್ಚಿಟ್ಟೀದಿ ಅಂತ. ಅದು ಹೋಗ್ಲಿ ಬಿಡು. ಮುದಿಕಿ ಬಾಗಿಲಾ ತೆಗೀವಲ್ಲಳು. ದವಾಖಾನಿ ಸಿಸ್ಟರ್ ಹೋದ್ರ 'ಸೊಸಿ ತವರಮನಿಗಿ ಸೇಡಂಗ ಹೋಗ್ಯಾಳ' ಅಂದ್ಳಂತ. ಅಕಿ ಓಢಣಿ ಅಲ್ಲೇ ಹಗ್ಗದ ಮ್ಯಾಲ ಒಣಗ್ಲಿಕತ್ತದ."

ಎದ್ದು ನಿಂತು ಮತ್ತೊಂದು ಮಾತು ಹೇಳಿದಳು. "ಕಡೀ ಸಲ ನೋಡಿದಾಗ ಅಕಿ ಬಳ್ಳಾಗಿನ ಉಂಗುರಾ ಬಿಗಿ ಆಗಿತ್ತು. ಮಾರಿನೂ ಬಾತಂಗ ಕಾಣ್ತಿತ್ತು. ಮುಂದಿನ ವಾರ ಸಿಸ್ಟರ್‌ಗ ಸುಮ್ಮ ಮನಿಗಿ ಬಂದಂಗ ಕರಕೊಂಡು ಹೋಗ್ಬೇಕು ಅಂದಿದ್ದೆ. ಅಷ್ಟರಾಗ ನಿನ್ನ ಫೋಟೋ ಬಂತು."

ಕಥೆ ಚೆನ್ನಾಗಿದೆ. ಸಿಕ್ಕಿಬಿದ್ದವರೆಲ್ಲ ಕಥೆ ಚೆನ್ನಾಗೇ ಹೇಳುತ್ತಾರೆ. ಹಾಸ್ಟೆಲಿಗೆ ಬಂದು ಬ್ಲಾಕ್ ಮಾಡಿದ ನಂಬರಿನ ಕಾಲ್ ಲಿಸ್ಟ್ ತೆಗೆದು ನೋಡಿದೆ. 15 ನವೆಂಬರ್, 11.28, 11.31, 11.40.

ಬುಧವಾರದ ಪಟ್ಟಿಯಲ್ಲಿ ಎಲ್ಲಕ್ಕೂ ಮೇಲೆ ಜಾಗ ಇತ್ತು. ಅಲ್ಲಿ ಒಂದು ಹೆಸರು ಬರೆದೆ. ಉದ್ದ ಹೆಸರು, ಜಾಗ ಸಾಲಲಿಲ್ಲ.

25 ನವೆಂಬರ್, ಸೋಮವಾರ

ಪುಸ್ತಕದ ಒಂದು ಪುಟ ಸಿಕ್ಕಿತು. ಬಸಿರಿನಲ್ಲಿ ಅಪಾಯದ ಗುರುತುಗಳು. ಆರು ತಿಂಗಳು ಆದಮೇಲೆ ಮುಖ ಕೈ ಊದುವುದು, ಜೋರು ತಲೆನೋವು, ಕಣ್ಣು ಮಂಜಾಗುವುದು, ಎದೆಯ ಕೆಳಗೆ ಹೊಟ್ಟೆ ನೋವು. ಒಂದು ಕಂಡರೂ ರಕ್ತದ ಒತ್ತಡ ನೋಡಿಸಬೇಕು, ಕಾಯಬಾರದು. ಕಾದರೆ ಫಿಟ್ಸ್ ಬರಬಹುದು. ತಾಯಿ ಮಗು ಇಬ್ಬರೂ ಹೋಗಬಹುದು.

ಫ್ರೀ ಪುಟ. ಯಾರು ಬರೆದದ್ದೋ. ನಂಬಲಿಲ್ಲ. ಬೇರೆ ಮೂರು ಸೈಟ್ ನೋಡಿದೆ, ಅದನ್ನೇ ಹೇಳುತ್ತವೆ. ಎಲ್ಲ ಒಂದರಿಂದೊಂದು ಕಾಪಿ ಮಾಡಿರಬಹುದು ಅಂತ ಲೈಬ್ರರಿಯ ಹಳೇ ನರ್ಸಿಂಗ್ ಪುಸ್ತಕ ತೆಗೆಸಿದೆ, ಧೂಳಿಗೆ ಸೀನು ಬಂತು. ಅದೂ ಅದನ್ನೇ ಹೇಳುತ್ತದೆ.

ಉಂಗುರ ಬಿಗಿ ಆಗಿತ್ತು ಅಂದಳಲ್ಲ.

27 ನವೆಂಬರ್, ಬುಧವಾರ

ಪುಟವನ್ನು ಕನ್ನಡಕ್ಕೆ ಮಾಡಿದೆ. ನಾಲ್ಕು ಸಲ ತಿದ್ದಿದೆ. ಝೆರಾಕ್ಸ್ ಮಾಡಿಸಲಿಕ್ಕೆ ಹೊರಟಾಗ ಪುಟದ ತಳದಲ್ಲಿ ಸಿಕ್ಕಿತು, ನಾನು ಹುಡುಕುತ್ತಿದ್ದ ಷರತ್ತು! 'ಅನುವಾದ ಮಾಡಿದ್ದನ್ನು ಹಂಚುವ ಮೊದಲು ಆ ಊರಿನವರಿಗೆ ಓದಿ ಹೇಳಿ. ಅವರಿಗೆ ತಿಳಿಯದಿದ್ದರೆ ತಪ್ಪು ಅವರದಲ್ಲ.'

ಇದೇನು ಷರತ್ತು? ಇದರಿಂದ ಇವರಿಗೇನು ಸಿಗುತ್ತದೆ? ಅರ್ಥವಾಗಲಿಲ್ಲ. ಆದರೆ ಓದಿ ಹೇಳಲಿಕ್ಕೆ ಆ ಊರಿನಲ್ಲಿ ನನ್ನ ಜೊತೆ ಮಾತಾಡುವವಳು ಒಬ್ಬಳೇ. ಅವಳೂ ಮಾತಾಡುತ್ತಾಳೋ ಇಲ್ಲವೋ.

28 ನವೆಂಬರ್, ಗುರುವಾರ

ಕ್ಲಾಸ್ ಬಿಟ್ಟು ದಂಡೋತಿಗೆ ಹೋದೆ. ಪೀರಮ್ಮಕ್ಕ ರೊಟ್ಟಿ ಬಡಿಯುತ್ತಿದ್ದಳು. ಓದಲಾ ಅಂದೆ. ಓದು ಅಂದಳು.

"ಗರ್ಭಿಣಿಯರಲ್ಲಿ ತೀವ್ರ ಶಿರೋವೇದನೆ, ದೃಷ್ಟಿಮಾಂದ್ಯ ಹಾಗೂ ಮುಖದ ಬಾವು ಕಂಡುಬಂದಲ್ಲಿ..."

"ಏ ನಿಂದ್ರು ನಿಂದ್ರು. ಯಾರಿಗಿ ಬರದೀ ಇದು? ಡಿ.ಸಿ. ಸಾಹೇಬರಿಗಾ?"

"ಹೆಣ್ಮಕ್ಕಳಿಗೆ."

"ಯಾವ ಊರಾಗಿನ ಹೆಣ್ಮಕ್ಕಳವ್ವ ಅವು? ನಿಮ್ಮವ್ವಗ ತಲಿ ನೋವಾದ್ರ ಏನಂತಾಳ? ಶಿರೋವೇದನಾ ಅಂತಾಳಾ?"

ನಮ್ಮವ್ವ ತಲೆ ಸಿಡೀತದ ಅಂತಾಳೆ. ನನಗೆ ಅದು ನೆನಪೇ ಆಗಿರಲಿಲ್ಲ. ಹಾಸ್ಟೆಲಿನಲ್ಲಿ 'ಹೆಡ್‌ಏಕ್ ಮಿಸ್' ಅಂದರೇನೇ ಮಾತ್ರೆ ಕೊಡುತ್ತಿದ್ದರು.

ಪೀರಮ್ಮಕ್ಕ ಹಿಟ್ಟಿನ ಕೈಯಲ್ಲೇ ಹೇಳುತ್ತಾ ಹೋದಳು, ನಾನು ಬರೆದೆ. ತಲಿ ಸಿಡೀತದೇನು? ಕಣ್ಣ ಮುಂದ ಮಂಜ ಮಂಜ ಆಗ್ತದೇನು, ಇಲ್ಲಾ ನುಸಿ ಹಾರಿದಂಗ ಆಗ್ತದೇನು? ಮಾರಿ ಬಾತದೇನು, ಬಳಿ ಕೈಯಾಗ ಏರಂಗಿಲ್ಲೇನು? ಎದಿ ಕೆಳಗ ಹೊಟ್ಟಿ ಹಿಡೀತದೇನು? ಇದರಾಗ ಒಂದಿದ್ರೂ ಇವತ್ತೇ ಹೊಂಡ್ರಿ, ನಾಳಿ ಅನ್ನಬ್ಯಾಡ್ರಿ.

"'ನಾಳಿ ಅನ್ನಬ್ಯಾಡ್ರಿ' ಅಂತ ಪುಸ್ತಕದಲ್ಲಿ ಇಲ್ಲ" ಅಂದೆ.

"ಪುಸ್ತಕದಾಗ ಇಲ್ಲ. ಇಲ್ಲಿ ಮಂದಿ ನಾಳೀನೇ ಅಂತಾರ."

ಒಂದು ರೊಟ್ಟಿ ಮುಂದೆ ಇಟ್ಟಳು, ಪುಂಡಿ ಪಲ್ಯ ಹಾಕಿ. ನನಗೆ ಯಾಕೆ ಕೊಟ್ಟಳೋ ಗೊತ್ತಿಲ್ಲ. ತಿಂದೆ.

30 ನವೆಂಬರ್, ಶನಿವಾರ

ಎಲ್ಲಾ ಬರೆದಿಡಬೇಕು. ಅಕ್ಷರ ಹೇಗಾದರೂ ಬರಲಿ.

ಪೀರಮ್ಮಕ್ಕ ಬಂದರೆ ಮುದುಕಿ ಬಾಗಿಲು ಹಾಕುತ್ತಾಳೆ, ಅದಕ್ಕೆ ನಾನೊಬ್ಬಳೇ ಹೋಗುವುದು, ಅವಳು ಬೇವಿನ ಗಿಡದ ಹತ್ತಿರ ನಿಲ್ಲುವುದು ಅಂತ ಆಯಿತು. ನನ್ನ ಫೋನ್ ಅವಳ ಕೈಗೆ ಕೊಟ್ಟೆ. ಜಾನಬಿ ಅಂಗಳದಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ.

"ಬಂದ್ಯಾ? ಫೋಟೋದ ಹುಡಿಗಿ."

"ಫೋನ್ ತಂದಿಲ್ಲ, ಖಾಲಾ."

"ಬರಕೊಳ್ಳೋ ಬುಕ್ಕು?"

"ಅದೂ ಇಲ್ಲ."

"ಮತ್ತ ಕೈಯಾಗೇನದು?"

"ಹಾಳಿ. ಚಿತ್ರ ಅವ ಅದರಾಗ. ಅಲ್ಮಾಸ್ ಅವರಿಗಿ ತೋರಿಸ್ಬೇಕು."

"ಯಾರು ಕೊಟ್ಟಾರ?"

"ಯಾರೂ ಕೊಟ್ಟಿಲ್ಲ. ಇಂಟರ್ನೆಟ್ಟಿನಾಗ ಮುಫತ್ ಇತ್ತು."

"ಮುಫತ್!" ಮೊರ ಜಾಡಿಸಿದಳು, ಹೊಟ್ಟು ನನ್ನ ಕಾಲ ಮೇಲೆ ಬಿತ್ತು. "ಯಾರಪ್ಪಂದು ಮುಫತ್? ಮುಫತ್ ಕೊಡೋರು ಏನರ ಒಯ್ಲಿಕ್ಕೇ ಬಂದಿರ್ತಾರ."

ಅದನ್ನೇ ಅಲ್ಲವಾ ನಾನೂ ಹೇಳೋದು. ರೆಡಿ ಮಾಡಿಕೊಂಡು ಬಂದ ಮಾತು ಬಾಯಿಗೆ ಬಂತು. "ನಿಮ್ಮ ಒಳ್ಳೇದಕ್ಕ, ಖಾಲಾ."

"ನಮ್ಮ ಒಳ್ಳೇದಕ್ಕ ಬಂದೋರನ್ನ ನೋಡಿ ನೋಡಿ ಈ ಅಂಗಳ ಸವದದ, ಬೇಟಿ. ಅದು ಬಿಡು. ನಿನಗೇನು ಸಿಗ್ತದ ಅದು ಹೇಳು."

"ಮಾರ್ಕ್ಸ್" ಅಂದುಬಿಟ್ಟೆ.

ಈಗ ತಲೆ ಎತ್ತಿದಳು.

"ಕಾಲೇಜಿನಾಗ. ನಿಮ್ಮ ಮನಿ ಫೋಟೋ ಹಾಕಿದ್ದಕ್ಕ ನನಗ ಹತ್ತಕ್ಕ ಎಂಟು ಬಿದ್ದಾವ. ನಾ ನಿಮ್ಮ ಮುಂದ ಅಳಸಿದ್ದು ಸುಳ್ಳು. ಆಗ್ಲೇ ಕಳಿಸಿದ್ದೆ."

ಮೊರ ನಿಂತಿತು. ಹೊಡೆಯುತ್ತಾಳೆ ಅಂದುಕೊಂಡೆ.

"ನನ್ನ ಸೊಸಿಗಿ ಹತ್ತಕ್ಕ ಎಂಟೇ?" ಅಂದಳು. "ಎರಡು ಎಲ್ಲಿ ಹೋದು?"

"ಫೋಟೋ ವಾರಿ ಬಂದಿತ್ತು."

ಮುದುಕಿಯ ಹೊಟ್ಟೆ ಕುಲುಕಿತು. ನಗುತ್ತಿದ್ದಾಳೆ ಅಂತ ತಿಳಿಯಲಿಕ್ಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮುಖ ಮತ್ತೆ ಗಟ್ಟಿಯಾಯಿತು.

"ಇವತ್ತು ಬಂದಿದ್ದಕ್ಕ ಎಷ್ಟು ಬೀಳ್ತಾವ?"

"ಸೊನ್ನಿ. ಫೋಟೋ ಇಲ್ಲಂದ್ರ ಆಬ್ಸೆಂಟ್."

"ಮತ್ತ ಎದಕ್ಕ ಬಂದೀ?"

"ಅಂಜಿಕಿ ಆಗ್ಯದ."

"ಯಾರಿಗಿ?"

"ನನಗ. ಅವರಿಗಿ ಏನರ ಆದ್ರ ಅದು ನನ್ನ ಮ್ಯಾಲ ಬರ್ತದ."

ಮೊರ ಪಕ್ಕಕ್ಕೆ ಇಟ್ಟಳು. ಬಂದು ಹೋದವರಲ್ಲಿ ಇಷ್ಟು ಸ್ವಾರ್ಥ ಹೇಳಿಕೊಂಡವಳು ಇವಳೊಬ್ಬಳೇ ಅಂತ ಅನ್ನಿಸಿತೋ ಏನೋ. "ಚಪ್ಲಿ ಅಲ್ಲೇ ಬಿಡು" ಅಂದಳು.

ಅಲ್ಮಾಸ್ ಒಳಗೆ ಕತ್ತಲಲ್ಲಿ ಗೋಡೆಗೆ ಒರಗಿದ್ದಳು, ಹಣೆಗೆ ಬಟ್ಟೆ ಬಿಗಿದುಕೊಂಡು. ಹದಿನೈದು ದಿನದ ಹಿಂದೆ ನೋಡಿದ ಮುಖ ಅಲ್ಲ ಅದು. ಕಣ್ಣು ಸಣ್ಣ ಆಗಿದ್ದವು. ಹಾಳೆ ತೋರಿಸುತ್ತಾ ಪೀರಮ್ಮಕ್ಕ ಹೇಳಿದ ಹಾಗೇ ಕೇಳಿದೆ. ತಲಿ ಸಿಡೀತದೇನು?

"ಮೂರು ದಿನ ಆಯ್ತು" ಅಂದಳು, ಮೆಲ್ಲಗೆ. "ನಿಂದ್ರವಲ್ದು."

"ಕಣ್ಣ ಮುಂದ ನುಸಿ ಹಾರಿದಂಗ?"

ಬೆಚ್ಚಿ ನನ್ನನ್ನು ನೋಡಿದಳು. "ನಿಮಗ್ಯಾರ್ ಹೇಳಿದ್ರು? ಅಮ್ಮಿಗಿ ಸುದ್ದಾ ಹೇಳಿಲ್ಲ ನಾ."

ಅಮ್ಮಿ ಬಾಗಿಲಲ್ಲೇ ನಿಂತಿದ್ದಳು. ಅಂಗಳಕ್ಕೆ ಓಡಿ ಓಣಿಯೆಲ್ಲ ಕೇಳುವಂತೆ ಕೂಗಿದಳು. "ಪೀರಮ್ಮಾ! ಅಲ್ಲೇ ಗಿಡದ ಕೆಳಗ ಕಳ್ಳರಂಗ ಏನ್ ನಿಂತೀ, ಬಾ ಜಲ್ದಿ!"

ಸಿಸ್ಟರ್ ಬಂದು ಬಿ.ಪಿ. ನೋಡಿದರು. ಮತ್ತೊಮ್ಮೆ ನೋಡಿದರು. ನೂರಾ ಎಪ್ಪತ್ತು, ನೂರಾ ಹನ್ನೆರಡು. ಇಂಜೆಕ್ಷನ್ ಕೊಟ್ಟರು. ಅಂಬುಲೆನ್ಸ್ ಬರುವವರೆಗೆ ಜಾನಬಿ ಸೊಸೆಯ ಪಾದ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಒತ್ತುತ್ತಿದ್ದಳು. ಶಹಾಬಾದಿನಲ್ಲಿ ಫರಶಿ ಪಾಲಿಶ್ ಕೆಲಸಕ್ಕೆ ಹೋಗಿದ್ದ ಮಗ ಆಸಿಮನಿಗೆ ಫೋನ್ ಹಚ್ಚಿಸಿ "ಸೀದಾ ಕಲಬುರಗಿಗಿ ಬಾ" ಅಂತ ಅಂದಳು, ಅಷ್ಟೇ.

ಅಂಬುಲೆನ್ಸಿನವನು ಫಾರಂ ತೆಗೆದ.

"ಪೇಶಂಟ್ ಹೆಸರು?"

"ಜಾನಬಿ" ಅಂದಳು ಜಾನಬಿ.

"ವಯಸ್ಸು?"

"ಅರವತ್ತೆರಡು."

ಅವನು ಒಳಗೆ ಮಲಗಿದವಳನ್ನು ನೋಡಿದ, ಹೊರಗೆ ನಿಂತವಳನ್ನು ನೋಡಿದ. "ಬಸುರಿ ಯಾರಮ್ಮಾ?"

"ಬಸುರಿ ಅಕಿ. ಹೆಸರು ನಂದು ಬರಿ. ಹೆಸರು ಬರದದ್ದಕ್ಕ ಏನರ ಕೇಡು ಬರೋದಿದ್ರ ನನಗ ಬರ್ಲಿ."

ಅವನು ಬಾಯಿ ತೆಗೆದ. ಪೀರಮ್ಮಕ್ಕ ಬಿಡಲಿಲ್ಲ. "ಬರಕೋ ಅಣ್ಣ. ಹೆಸರು ಜಾನಬಿ, ವಯಸ್ಸು ಇಪ್ಪತ್ತಾರು. ಬಿ.ಪಿ. ಖರೇದು ಬರಿ, ತಿಂಗಳು ಖರೇದು ಬರಿ. ಉಳಿದಿದ್ದು ಡಾಕ್ಟರಿಗಿ ನಾ ಹೇಳ್ತೀನಿ. ಗಾಡಿ ಹೊಡಿ."

ಇದು ತಪ್ಪು ದಾಖಲೆ. ಕಾನೂನಿಗೆ ವಿರುದ್ಧ ಇರಬೇಕು. ನಾನು ಅಂಬುಲೆನ್ಸಿನ ಬಾಗಿಲು ಹಿಡಿದಿದ್ದೆ. ಗಟ್ಟಿಯಾಗಿ ಹಾಕಿದೆ.

1 ಡಿಸೆಂಬರ್, ಭಾನುವಾರ

ಸುದ್ದಿ ಇಲ್ಲ. ಪೀರಮ್ಮಕ್ಕನ ಫೋನ್ ಸ್ವಿಚ್ ಆಫ್. ಬಾಜೂಕಿನಾಕಿ ನಂಬರಿಗೆ ಹಚ್ಚಿದೆ, ಅವಳು ಯಾವುದೋ ಸೇಡಂ ಕಡೆಯ ಮುಧೋಳದವಳು, "ನನಗೇನ್ ಗೊತ್ತವ್ವ?" ಅಂದಳು.

2 ಡಿಸೆಂಬರ್, ಸೋಮವಾರ

ಇಲ್ಲ.

4 ಡಿಸೆಂಬರ್, ಬುಧವಾರ

ಕಲಬುರಗಿಯ ದೊಡ್ಡ ದವಾಖಾನೆಗೆ ಹೋಗಿ ಬಂದೆ. ಜಬೀನಾ ಜೊತೆಗೆ ಬಂದಳು. ನಾನು ಕರೆದಿರಲಿಲ್ಲ, ದಾರಿ ಗೊತ್ತು ಅಂತ ಬಂದಳು. ಬಸ್ಸಿನಲ್ಲಿ ಕಿಟಕಿ ಸೀಟು ನನಗೆ ಬಿಟ್ಟಳು.

ಭಾನುವಾರ ಬೆಳಿಗ್ಗೆ ಆಪರೇಶನ್ ಮಾಡಿದ್ದಾರೆ. ಹೆಣ್ಣು. ಒಂದು ಕಿಲೋ ಐನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ನಮಗೆ ಬಿಡಲಿಲ್ಲ. ಅಲ್ಮಾಸ್‌ಗೆ ಬಿ.ಪಿ. ಇಳಿಯುತ್ತಿದೆ, ಮಾತಾಡಿದಳು. ಇನ್ನೊಂದು ದಿನ ತಡವಾಗಿದ್ದರೆ ಅಂತ ಡಾಕ್ಟರು ಶುರು ಮಾಡಿದ್ದರಂತೆ. ಜಾನಬಿ ಖಾಲಾ "ಆಗಿಲ್ಲಲ್ಲ, ಬಿಡ್ರಿ" ಅಂತ ಬಾಯಿ ಮುಚ್ಚಿಸಿದಳಂತೆ. ಕೂಸಿನದು ಇನ್ನೂ ಹೇಳಲಿಕ್ಕಾಗಲ್ಲ, ಹತ್ತು ದಿನ ಹೋಗಬೇಕು.

ಖಾಲಾ ವಾರ್ಡಿನ ಹೊರಗೆ ನೆಲದ ಮೇಲೆ ಚಾದರ ಹಾಸಿ ಕೂತಿದ್ದಳು. ಮಂಚದ ಚೀಟಿಯಲ್ಲಿ ಇನ್ನೂ 'ಜಾನಬಿ, 26' ಅಂತಲೇ ಇದೆ. ಡಾಕ್ಟರಿಗೆ ಗೊತ್ತಿದೆ, ಡಿಸ್ಚಾರ್ಜ್ ಮೊದಲು ಪೀರಮ್ಮಕ್ಕ ಸರಿ ಮಾಡಿಸುತ್ತಾಳೆ.

"ನೋಡಿದ್ಯಾ, ಈ ವಯಸ್ಸಿನಾಗ ಹಡದೀನಿ" ಅಂದಳು ಖಾಲಾ. ಬಾಜೂಕಿನ ಹೆಂಗಸರೆಲ್ಲ ನಕ್ಕರು. ದಿನಕ್ಕೆ ಹತ್ತು ಸಲ ಹೇಳುತ್ತಿದ್ದಾಳೆ ಅನ್ನಿಸುತ್ತದೆ. ಆಮೇಲೆ ನನ್ನ ಕೈ ಹಿಡಿದು ಹತ್ತಿರ ಎಳೆದಳು. "ಕೂಸಿಗಿ ನಲವತ್ತು ದಿನ ಆಗೋತನಾ ನಿನ್ನ ಕಾಲೇಜಿನಾಗ ನಮ್ಮ ಸುದ್ದಿ ಬರಿಬ್ಯಾಡ. ಚಲೋ ಸುದ್ದಿನೂ ಬರಿಬ್ಯಾಡ. ಬರಿಯಂಗಿಲ್ಲಲ್ಲ?"

"ಇಲ್ಲ ಖಾಲಾ."

ಎದುರಿನ ಬೆಂಚಿನ ಮೇಲೆ ಒಬ್ಬ ಫೋನ್ ಎತ್ತಿ ಹಿಡಿದು ಕೂತಿದ್ದ. ವಿಡಿಯೊ ಮಾಡುತ್ತಿದ್ದಾನಾ ಅಂತ ಡೌಟು ಬಂತು. ಎದ್ದು ಹೋಗಿ ಖಾಲಾಗೂ ಅವನಿಗೂ ನಡುವೆ ನಿಂತೆ. ಅವನು ಕ್ರಿಕೆಟ್ ನೋಡುತ್ತಿದ್ದ. ಆದರೂ ಬಸ್ಸಿನ ಹೊತ್ತಾಗುವವರೆಗೆ ಅಲ್ಲೇ ನಿಂತಿದ್ದೆ.

7 ಡಿಸೆಂಬರ್, ಶನಿವಾರ

ಕೂಸು ನಿನ್ನೆಯಿಂದ ಎರಡೆರಡು ಚಮಚ ಹಾಲು ಕುಡಿಯುತ್ತಿದೆ. ನಲವತ್ತು ಗ್ರಾಂ ಏರಿದೆ.

ಇವತ್ತು ಗುರುಲಿಂಗಯ್ಯ ಸರ್ ನೀಲಿ ಡೈರಿ ಚೆಕ್ ಮಾಡಿದರು. ಯೂನಿವರ್ಸಿಟಿಗೆ ಕಳಿಸಲಿಕ್ಕೆ ಒಂದು ಒಳ್ಳೆ ಕೇಸ್ ಸ್ಟಡಿ ಬೇಕಂತೆ, ನನ್ನದೇ ಅಂತ ಆರಿಸಿದ್ದರಂತೆ. ಫ್ರೀ ಪುಟದ ಅನುವಾದ ಚೆನ್ನಾಗಿದೆ ಅಂದರು, ಭಾಷೆ ಮಾತ್ರ ಸ್ವಲ್ಪ ಹಳ್ಳಿ ಕಡೆಯದ್ದು ಆಯ್ತು ಅಂದರು. ಅನುವಾದ ಮಾಡಿದವರ ಹೆಸರಿನಲ್ಲಿ ಪೀರಮ್ಮ ಯಾರು ಅಂತ ಕೇಳಿದರು. ಹೇಳಿದೆ. ಹುಬ್ಬು ಏರಿಸಿದರು. ಮತ್ತೆ ಪುಟ ತಿರುವಿದರು.

"ನವೆಂಬರ್ ಮೂವತ್ತರದು ಎಲ್ಲಿ?"

"ಬರ್ದಿಲ್ಲ ಸರ್."

"ಗ್ರೂಪಿನಾಗ ಫೋಟೋನೂ ಇಲ್ಲ. ದಂಡೋತಿಗಿ ಹೋಗಿದ್ದಿಲ್ಲೇನು?"

ಸರ್ ಪೆನ್ನಿನ ಮುಚ್ಚಳ ತೆಗೆದರು.

"ಆ ಬಸುರಿ ಕೇಸ್ ಏನಾಯ್ತು? ಎಷ್ಟು ಛಲೋ ಹಿಡಿದಿದ್ದಿ. ಫಾಲೋ-ಅಪ್ ಇಲ್ಲ ಅಂದ್ರ ಹ್ಯಾಂಗ? ನಿನಗ ಅಕಿ ಸುದ್ದಿ ಗೊತ್ತದೋ ಇಲ್ಲೋ?"

ನೆಲ ನೋಡಿದೆ. ಸರ್ ಕನ್ನಡಕ ತೆಗೆದರು. ನನ್ನ ಮುಖ ನೋಡಿದರು, ಡೈರಿ ನೋಡಿದರು, ಮತ್ತೆ ಮುಖ ನೋಡಿದರು.

"ಯಶೋಧರಾ, ನೀ ಏನೋ ಮುಚ್ಚಿಡ್ಲಿಕತ್ತಿ."

"ಹೌದ್ರಿ ಸರ್" ಅಂದೆ.

ಏನು ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಕೇಳಲಿಲ್ಲ. ಕೆಂಪು ಪೆನ್ನಿನಲ್ಲಿ ಸೊನ್ನೆ ಬರೆದರು. ಇಂಕು ಸರಿಯಾಗಿ ಇಳಿಯಲಿಲ್ಲ, ಅದರ ಮೇಲೇ ಇನ್ನೊಮ್ಮೆ ತಿದ್ದಿದರು. ಒಣಗುವವರೆಗೆ ಕಾದು ಡೈರಿ ಇಸ್ಕೊಂಡು ಹೊರಗೆ ಬಂದೆ. ದಂಡೋತಿಯ ಟಂಟಂ ಹತ್ತೂವರೆಗೆ ಇತ್ತು, ಸಿಕ್ಕಿತು.